ಫ್ರಾಕಿನ ಒಳಮೈ ನೋಡಿ

ಹಳೆಯ ಫ್ರಾಕಿನ ವಯಸ್ಸು ತಿಳಿಯಬೇಕೆಂದರೆ ಮೊದಲು ಅದರ ಒಳಮೈ ಹೊರಗೆ ಮಾಡಿ ಹಿಡಿಯಬೇಕು. ಹೊರನೋಟವನ್ನು ನಂಬುವ ಹಾಗಿಲ್ಲ. ಸಣ್ಣ ನಡು, ಅಗಲ ಘೇರಿನ ಐವತ್ತರ ದಶಕದ ಧಾಟಿಯನ್ನು ಆಮೇಲೂ ಎಷ್ಟೋ ಸಲ ಹೊಲಿದಿದ್ದಾರೆ, ಈಗಲೂ ಹೊಲಿಯುತ್ತಿದ್ದಾರೆ. ಜಿಪ್ಪು, ಹೊಲಿಗೆ, ಚೀಟಿ ಇವನ್ನು ಕೇಳಿದರೆ ನಿಜ ಹೊರಬರುತ್ತದೆ.

ಆ ಧಾಟಿ ಹುಟ್ಟಿದ್ದು ಬಟ್ಟೆಯ ಬರಗಾಲದ ಬೆನ್ನಿಗೆ. ಎರಡನೇ ಮಹಾಯುದ್ಧದ ನಡುವೆ, 1941ರ ಜೂನ್ 1ರಂದು ಬ್ರಿಟನ್ನಿನಲ್ಲಿ ಬಟ್ಟೆಗೆ ರೇಷನ್ ಬಂತು. ಸರ್ಕಾರದ ಮಿತಿಗೆ ಒಳಪಟ್ಟು ತಯಾರಾದ ಉಡುಪಿಗೆ ‘ಸಿಸಿ41’ ಎಂಬ ಗುರುತು ಬೀಳುತ್ತಿತ್ತು. ಅಮೆರಿಕದಲ್ಲೂ 1942ರಿಂದ ಲಂಗದ ಉದ್ದ, ಘೇರುಗಳಿಗೆ ಕಡಿವಾಣ. ಚೌಕ ಭುಜ, ಮೊಣಕಾಲಿನ ಹತ್ತಿರಕ್ಕೇ ನಿಲ್ಲುವ ಬಿಗಿ ಲಂಗ ಆ ಕಾಲದ ಚಹರೆ. 1947ರ ಫೆಬ್ರವರಿ 12ರಂದು ಪ್ಯಾರಿಸ್ಸಿನಲ್ಲಿ ವಸ್ತ್ರವಿನ್ಯಾಸಕ ಕ್ರಿಶ್ಚಿಯನ್ ಡಿಯೋರ್ ತನ್ನ ಮೊದಲ ಸಂಗ್ರಹ ತೋರಿಸಿದಾಗ ಇದೆಲ್ಲ ತಲೆಕೆಳಗಾಯಿತು. ಇಳಿಭುಜ, ಹಿಡಿಗಾತ್ರದ ನಡು, ಮೀನಖಂಡದವರೆಗೆ ಇಳಿಯುವ ಗಜಗಟ್ಟಲೆ ಬಟ್ಟೆಯ ಲಂಗ. ‘ಹಾರ್ಪರ್ಸ್ ಬಜಾರ್’ ಸಂಪಾದಕಿ ಕಾರ್ಮೆಲ್ ಸ್ನೋ ಅದನ್ನು ‘ನ್ಯೂ ಲುಕ್’ ಎಂದರು. ಆ ಹೆಸರೇ ನಿಂತುಬಿಟ್ಟಿತು. ಬ್ರಿಟನ್ನಿನಲ್ಲಿ ಆಗಿನ್ನೂ ಬಟ್ಟೆ ಕೂಪನ್ ಇತ್ತು. ಇಷ್ಟು ದುಂದು ಯಾಕೆ ಎಂದು ಗೊಣಗಿದವರು ಅಲ್ಲಿ ಬೇಕಾದಷ್ಟಿದ್ದರು.

ಡಿಯೋರ್ ಹೆಸರು ದೊಡ್ಡದು, ಇರಲಿ. ನನಗೆ ಹೆಚ್ಚು ಪ್ರೀತಿ ಆ ಕಾಲದ ರೆಡಿಮೇಡ್ ಹತ್ತಿ ಫ್ರಾಕುಗಳ ಮೇಲೆ. ಇಂಗ್ಲೆಂಡಿನ ಪ್ರೆಸ್ಟನ್ನಿನ ಹತ್ತಿ ಗಿರಣಿಯವರು 1946ರಲ್ಲಿ ಶುರುಮಾಡಿದ ‘ಹಾರಕ್ಸಸ್ ಫ್ಯಾಷನ್ಸ್’ ದೊಡ್ಡ ದೊಡ್ಡ ಹೂವಿನ ಅಚ್ಚಿಗೆ ಹೆಸರುವಾಸಿ. ಅಲಾಸ್ಟರ್ ಮಾರ್ಟನ್‌ರಂಥ ಕಲಾವಿದರು ಅದಕ್ಕೆ ವಿನ್ಯಾಸ ಬರೆದರು. 1953–54ರ ಕಾಮನ್‌ವೆಲ್ತ್ ಪ್ರವಾಸಕ್ಕೆ ರಾಣಿ ಎಲಿಜಬೆತ್ ಕೂಡ ಅವರ ಫ್ರಾಕುಗಳನ್ನು ಒಯ್ದಿದ್ದರು.

ಅಂಥದೊಂದು ಫ್ರಾಕಿನ ಒಳಗೆ ಏನೇನಿರುತ್ತದೆ? ಎಡಗಂಕುಳ ಕೆಳಗೆ, ಪಕ್ಕದ ಹೊಲಿಗೆಯಲ್ಲಿ ಲೋಹದ ಜಿಪ್ಪು. ಅದು ಬೆನ್ನಿಗೆ ಸರಿಯುವುದು, ನೈಲಾನ್ ಆಗುವುದು ಬಹುಮಟ್ಟಿಗೆ ನಂತರದ ಮಾತು. ಲೋಹದ ಜಾಗದಲ್ಲಿ ನೈಲಾನ್ ಕಂಡರೆ ಅರವತ್ತರ ದಶಕವನ್ನು ನೆನೆಯಿರಿ (ಹಳೆಯದು ಕೆಟ್ಟು ಹೊಸ ಜಿಪ್ಪು ಹಾಕಿಸಿರಲೂಬಹುದು, ಸುತ್ತಲಿನ ದಾರ ನೋಡಿ). ಹೊಲಿಗೆಯ ಅಂಚಿಗೆ ಓವರ್‌ಲಾಕ್ ಬದಲು ಗರಗಸದ ಹಲ್ಲಿನಂಥ ಕತ್ತರಿ ಗುರುತು. ಕೆಳಗಿನ ಮಡಿಕೆ ಅಗಲ, ಹಲವು ಸಲ ಕೈಹೆಮ್ಮಿಂಗ್. ಭುಜದ ಒಳಗೆ ಪುಟ್ಟ ಪಟ್ಟಿ, ಅದರ ತುದಿಗೆ ಪ್ರೆಸ್ ಬಟನ್: ಒಳಉಡುಪಿನ ಪಟ್ಟಿ ಜಾರದಂತೆ ಹಿಡಿಯಲು. ಈ ಪಟ್ಟಿ ಕಂಡರೆ ನನಗೆ ಹೊಲಿದವರ ಮೇಲೆ ಗೌರವ ಹೆಚ್ಚುತ್ತದೆ. ಯಾರ ಕಣ್ಣಿಗೂ ಬೀಳದ ಜಾಗಕ್ಕೂ ಅಷ್ಟು ಯೋಚನೆ!

ಅಮೆರಿಕದ ಉಡುಪಾದರೆ ಹೆಂಗಸರ ಉಡುಪು ಹೊಲಿಯುವ ಕಾರ್ಮಿಕರ ಸಂಘ ‘ಐಎಲ್‌ಜಿಡಬ್ಲ್ಯುಯು’ ಚೀಟಿ ಹುಡುಕಿ. ಎಎಫ್‌ಎಲ್, ಸಿಐಒ ಎಂಬ ಎರಡು ಕಾರ್ಮಿಕ ಒಕ್ಕೂಟಗಳು ಒಂದಾದದ್ದು 1955ರಲ್ಲಿ. ಹಾಗಾಗಿ ಚೀಟಿಯಲ್ಲಿ ಎರಡೂ ಹೆಸರು ಜೊತೆಗಿದ್ದರೆ ಉಡುಪು ಅದಕ್ಕಿಂತ ಹಳೆಯದಲ್ಲ. ಒಗೆಯುವ ಕ್ರಮ ಹೇಳುವ ಕಾಯಂ ಚೀಟಿ ಅಲ್ಲಿ ಕಡ್ಡಾಯವಾದದ್ದು 1972ರಲ್ಲಿ. ಅದಿದ್ದರೆ ಐವತ್ತರದ್ದು ಎಂಬ ಮಾರಾಟಗಾರನ ಮಾತನ್ನು ಅನುಮಾನಿಸಿ.

ಸೈಜಿನ ಅಂಕಿಗೆ ಬೆಲೆ ಕೊಡಬೇಡಿ. ಅಂದಿನ 12 ಇಂದಿನ 12ಕ್ಕಿಂತ ತುಂಬಾ ಚಿಕ್ಕದು, ಟೇಪು ಹಿಡಿದು ಅಳೆಯುವುದೇ ಸರಿ. ಕಂಕುಳ ಭಾಗವನ್ನು ಬೆಳಕಿಗೆ ಹಿಡಿದು ನೋಡಿ, ಬೆವರಿಗೆ ಬಟ್ಟೆ ಮೊದಲು ಸೋಲುವುದು ಅಲ್ಲೇ.

ಲಂಡನ್ನಿಗೆ ಹೋಗುವವರು ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂ ತಪ್ಪಿಸಬೇಡಿ. ಸಾಮಾನ್ಯ ಪ್ರವೇಶ ಉಚಿತ. ಡಿಯೋರ್‌ನ 1947ರ ‘ಬಾರ್’ ಸೂಟ್ ಅದರ ಸಂಗ್ರಹದಲ್ಲಿದೆ, ಚಿತ್ರವನ್ನು ಮನೆಯಲ್ಲೇ ಕೂತು ಜಾಲತಾಣದಲ್ಲೂ ನೋಡಬಹುದು. ಆನ್‌ಲೈನಿನಲ್ಲಿ ಕೊಳ್ಳುವವರು ದುಡ್ಡು ಕಳಿಸುವ ಮುನ್ನ ಒಳಮೈಯ ಫೋಟೊ ಕೇಳಿ. ಕೊಡದಿದ್ದರೆ ವ್ಯಾಪಾರ ಬಿಡಿ.