ಚಿಪ್ ಎಂಜಿನಿಯರ್ ಆಗುವ ದಾರಿ: ಬಿ.ಇ. ನಂತರವೂ ಓದಿದೆ



ಮಗ ಅಥವಾ ಮಗಳು ಬಿ.ಇ. ಮುಗಿಸಿದರೆ ಓದು ಮುಗಿಯಿತು, ಇನ್ನು ದುಡಿಮೆ ಎಂಬುದು ನಮ್ಮಲ್ಲಿ ಬಹಳ ಮನೆಗಳ ಲೆಕ್ಕಾಚಾರ. ಕಷ್ಟದ ಸಂಸಾರದಲ್ಲಿ ಅದು ಸಹಜ. ಆದರೆ ಮೊಬೈಲು, ಕಂಪ್ಯೂಟರುಗಳ ಒಳಗಿನ ಚಿಪ್ ರೂಪಿಸುವ ಕೆಲಸಕ್ಕೆ ಮುಂದಿನ ಓದು ದೊಡ್ಡ ಬಲ. ಅದಕ್ಕೆ ಉದಾಹರಣೆ ನಮ್ಮ ರಾಜ್ಯದಲ್ಲೇ ಇದೆ.

ಪ್ರೊ. ನವಕಾಂತ ಭಟ್ಟರು 1989ರಲ್ಲಿ ಮೈಸೂರು ವಿಶ್ವವಿದ್ಯಾಲಯದಿಂದ ಎಲೆಕ್ಟ್ರಾನಿಕ್ಸ್ ಮತ್ತು ಕಮ್ಯುನಿಕೇಶನ್ ವಿಷಯದಲ್ಲಿ ಬಿ.ಇ. ಮಾಡಿದರು. 1992ರಲ್ಲಿ ಬಾಂಬೆ ಐಐಟಿಯಿಂದ ಎಂ.ಟೆಕ್., 1996ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಿಂದ ಪಿಎಚ್.ಡಿ. ಪಡೆದರು. ಬಳಿಕ 1999ರವರೆಗೆ ಅಲ್ಲಿನ ಆಸ್ಟಿನ್ ನಗರದ ಮೋಟೊರೋಲಾ ಪ್ರಯೋಗಾಲಯದಲ್ಲಿ ಕೆಲಸ ಮಾಡಿದರು.

ಅವರ ಕೆಲಸವೇನು? ಚಿಪ್ಪಿನಲ್ಲಿ ಲೆಕ್ಕವಿಲ್ಲದಷ್ಟು ಟ್ರಾನ್ಸಿಸ್ಟರುಗಳಿರುತ್ತವೆ. ಒಂದೊಂದೂ ಕೆರೆಯ ತೂಬಿನಂತೆ: ಗೇಟಿಗೆ ವೋಲ್ಟೇಜು ಕೊಟ್ಟರೆ ವಿದ್ಯುತ್ ಹರಿಯುತ್ತದೆ, ತೆಗೆದರೆ ನಿಲ್ಲುತ್ತದೆ. ಗೇಟಿನ ಕೆಳಗೆ ಆಕ್ಸೈಡಿನ ಅತಿ ತೆಳು ಪದರವಿದೆ. ಪದರ ತೆಳುವಾದಷ್ಟೂ ಟ್ರಾನ್ಸಿಸ್ಟರು ಚುರುಕು. ಆದರೆ ಹೆಚ್ಚು ವೋಲ್ಟೇಜು ತಡೆಯಲಾರದು. ಆದ್ದರಿಂದ ಒಳಗೆ ಲೆಕ್ಕ ಮಾಡುವ ಟ್ರಾನ್ಸಿಸ್ಟರಿಗೆ ತೆಳು ಪದರ, ಹೊರಗಿನ ಸಾಧನಗಳೊಡನೆ ವ್ಯವಹರಿಸುವುದಕ್ಕೆ ದಪ್ಪ ಪದರ ಬೇಕು. ಒಂದೇ ಚಿಪ್ಪಿನಲ್ಲಿ ಎರಡನ್ನೂ ಬೆಳೆಸುವ ತಂತ್ರದ ಮೇಲೆ ಅವರು ಅಲ್ಲಿ ದುಡಿದರು. ಇದರ ಬೇರು ದ್ವಿತೀಯ ಪಿಯುಸಿ ಭೌತಶಾಸ್ತ್ರದ ಅರೆವಾಹಕದ ಪಾಠದಲ್ಲಿದೆ.

1999ರಲ್ಲಿ ಅವರು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಅಧ್ಯಾಪಕರಾಗಿ ಬಂದರು. ಸಂವೇದಕಗಳ ಸಂಶೋಧನೆಗಾಗಿ 2018ರ ಇನ್ಫೋಸಿಸ್ ಪ್ರಶಸ್ತಿ ಪಡೆದರು. ಆ ಸಂಸ್ಥೆ ದೇವನಹಳ್ಳಿ, ನೆಲಮಂಗಲದಿಂದ ಬಸ್ಸಿನಲ್ಲಿ ಹೋಗಿ ಬರುವಷ್ಟು ದೂರ. ವರ್ಷಕ್ಕೊಮ್ಮೆ ಸಾರ್ವಜನಿಕರಿಗೆ ಬಾಗಿಲು ತೆರೆಯುವ ದಿನ ಮಕ್ಕಳನ್ನು ಕರೆದೊಯ್ಯಿರಿ.

ಈಗ ದಾರಿ ತಿಳಿಯಿರಿ. ಎಸ್ಸೆಸ್ಸೆಲ್ಸಿ ನಂತರ ಗಣಿತ ಬಿಡಬೇಡಿ. ಪಿಯುಸಿಯವರಿಗೆ ಸಿಇಟಿ ಇದೆ. ಡಿಪ್ಲೊಮಾದವರು ಡಿಸಿಇಟಿ ಬರೆದು ನೇರವಾಗಿ ಬಿ.ಇ. ಎರಡನೇ ವರ್ಷಕ್ಕೆ ಸೇರಬಹುದು. ಸಿಇಟಿ ಮೂಲಕ ಸೀಟು ಪಡೆದ ಅಲ್ಪಸಂಖ್ಯಾತ ವಿದ್ಯಾರ್ಥಿಗಳಿಗೆ ಅಲ್ಪಸಂಖ್ಯಾತರ ಅಭಿವೃದ್ಧಿ ನಿಗಮದ ‘ಅರಿವು’ ಸಾಲ ಯೋಜನೆಯಿದೆ. ಬಿ.ಇ. ಮೂರನೇ ವರ್ಷದಿಂದಲೇ ಗೇಟ್ ಪರೀಕ್ಷೆ ಬರೆಯಬಹುದು. ಗೇಟ್ ಅಂಕದ ಮೇಲೆ ಐಐಟಿ, ವಿಜ್ಞಾನ ಸಂಸ್ಥೆಗಳಲ್ಲಿ ಎಂ.ಟೆಕ್. ಓದುವವರಿಗೆ ತಿಂಗಳ ಸಹಾಯಧನ ದೊರೆಯುತ್ತದೆ. ಮನೆಯ ಮೇಲಿನ ಭಾರ ಬಹಳ ಇಳಿಯುತ್ತದೆ. ಈ ಒಂದು ಮಾತು ತಿಳಿಯದೆ ಜಾಣ ಮಕ್ಕಳು ಅರ್ಧಕ್ಕೆ ನಿಲ್ಲಬಾರದು.

ಹೆಣ್ಣುಮಕ್ಕಳ ಪೋಷಕರಲ್ಲಿ ವಿಶೇಷ ಮನವಿ: ಮಗಳಿಗೂ ಈ ಅವಕಾಶ ಕೊಡಿ. ಈ ಸಾಲಿನ ವಿದ್ಯಾರ್ಥಿವೇತನದ ಅರ್ಜಿಯಲ್ಲಿ ಮುಂದೆ ಏನು ಓದುವ ಆಸೆಯಿದೆ ಎಂಬುದನ್ನೂ ಬರೆಯಿರಿ. ದಾನಿಗಳ ಹಣ ಅಲ್ಲಿಯವರೆಗೂ ನಿಮ್ಮ ಜೊತೆ ನಡೆಯಲಿ, ಇನ್ಶಾ ಅಲ್ಲಾಹ್.