ನಡುವೆ ಮಸುಕಾಗುವ ಶೀರ್ಷಿಕೆ

ಕಾರ್ಯಕ್ರಮದ ಆರಂಭದಲ್ಲಿ ಅಕ್ಷರಗಳು ತೇಲಿ ಬರುವುದನ್ನೂ ಕ್ಯಾಮೆರಾ ಅವುಗಳ ಮುಂದೆ ಸುಳಿದು ಹೋಗುವುದನ್ನೂ ನೀವು ನೋಡಿದ್ದೀರಿ. ಅಲ್ಲಿ ನಿಜವಾದ ಕ್ಯಾಮೆರಾವೂ ಇಲ್ಲ, ಮಸೂರವೂ ಇಲ್ಲ. ಎಲ್ಲವೂ ಗಣಕಯಂತ್ರದ ಲೆಕ್ಕ. ಆದರೂ ಹೊಸದಾಗಿ ಈ ಕೆಲಸ ಕಲಿಯುವವರ ಶೀರ್ಷಿಕೆಗಳಲ್ಲಿ ಒಂದು ದೋಷ ಪದೇ ಪದೇ ಕಾಣುತ್ತದೆ. ಮೊದಲು ಅಕ್ಷರ ಸ್ಪಷ್ಟ, ಕೊನೆಗೂ ಸ್ಪಷ್ಟ, ನಡುವೆ ಮಾತ್ರ ಮಂಜು ಕವಿದಂತೆ. ನೋಡುಗರಿಗೆ ಹೆಸರು ಓದಲು ಸಿಗುವುದೇ ಎರಡು ಮೂರು ಸೆಕೆಂಡು. ಅದರಲ್ಲಿ ಅರ್ಧ ಹೀಗೆ ಕಳೆದರೆ ಹೆಸರು ಹಾಕಿಯೂ ಹಾಕದಂತೆಯೇ ಅಲ್ಲವೇ?

ನಿಜವಾದ ಮಸೂರ ಒಂದು ನಿರ್ದಿಷ್ಟ ದೂರದ ಸಮತಲವನ್ನು ಮಾತ್ರ ಸ್ಪಷ್ಟವಾಗಿ ಮೂಡಿಸುತ್ತದೆ. ಅದಕ್ಕಿಂತ ಹಿಂದೆ ಅಥವಾ ಮುಂದೆ ಇರುವ ಪ್ರತಿ ಬಿಂದುವೂ ಪುಟ್ಟ ವೃತ್ತವಾಗಿ ಹರಡುತ್ತದೆ. ಮಸೂರದ ಬಾಯಿ ದೊಡ್ಡದಾದಷ್ಟೂ ಆ ವೃತ್ತ ದೊಡ್ಡದು. ಗಣಕದ ಕ್ಯಾಮೆರಾ ಮಾತ್ರ ಮೂಲತಃ ನೀವು ಶಾಲೆಯಲ್ಲಿ ರಟ್ಟಿನ ಪೆಟ್ಟಿಗೆಯಿಂದ ಮಾಡುವ ಸೂಜಿರಂಧ್ರ ಕ್ಯಾಮೆರಾದ ಜಾತಿಯದು. ಅದರಲ್ಲಿ ಹತ್ತಿರ ದೂರಗಳೆಂಬ ಭೇದವಿಲ್ಲದೆ ಎಲ್ಲವೂ ಒಂದೇ ಸಮನಾಗಿ ಸ್ಪಷ್ಟ. ‘ಡೆಪ್ತ್ ಆಫ್ ಫೀಲ್ಡ್’ ಚಾಲೂ ಮಾಡಿದ ಮೇಲಷ್ಟೇ ತಂತ್ರಾಂಶ ಮಸುಕನ್ನು ಲೆಕ್ಕ ಹಾಕಿ ಸೇರಿಸುತ್ತದೆ. ನೀವು ಏನನ್ನು ತೋರಿಸಬಯಸಿದ್ದೀರಿ ಎಂಬುದು ಅದಕ್ಕೆ ಗೊತ್ತಿಲ್ಲ. ಗೊತ್ತಿರುವುದು ‘ಫೋಕಸ್ ಡಿಸ್ಟೆನ್ಸ್’ ಎಂಬ ಒಂದೇ ಒಂದು ಸಂಖ್ಯೆ.

ಈಗ ಕಾಗದ ತೆಗೆದುಕೊಳ್ಳಿ. ಆಫ್ಟರ್ ಇಫೆಕ್ಟ್ಸ್‌ನಲ್ಲಿ ಈ ದೂರವನ್ನು ಪಿಕ್ಸೆಲ್‌ಗಳಲ್ಲಿ ಅಳೆಯುತ್ತಾರೆ. ಕ್ಯಾಮೆರಾ ಶೀರ್ಷಿಕೆಯ ನೇರಕ್ಕಿಂತ 1600 ಪಿಕ್ಸೆಲ್ ಎಡಗಡೆ, 1200 ಪಿಕ್ಸೆಲ್ ಹಿಂದೆ ಇದೆ ಎನ್ನಿ. ಅಲ್ಲಿಂದ ಶೀರ್ಷಿಕೆಗೆ ದೂರವೆಷ್ಟು? ಪೈಥಾಗೊರಸನ ಪ್ರಮೇಯದ ಪ್ರಕಾರ 2000. ಕ್ಯಾಮೆರಾ ಶೀರ್ಷಿಕೆಯನ್ನೇ ನೋಡುತ್ತ ನೇರ ಗೆರೆಯಲ್ಲಿ ಅಷ್ಟೇ ಬಲಕ್ಕೆ ಸಾಗಿದರೆ ಕೊನೆಯಲ್ಲೂ 2000. ಕಲಿಯುವವರು ಎರಡೂ ತುದಿಗಳ ಕೀಫ್ರೇಮ್‌ನಲ್ಲಿ 2000 ಎಂದು ಬರೆದು ಕೆಲಸ ಮುಗಿಯಿತು ಎಂದುಕೊಳ್ಳುತ್ತಾರೆ. ಆದರೆ ಹಾದಿಯ ಮಧ್ಯದಲ್ಲಿ ದೂರ ಕೇವಲ 1200! ಫೋಕಸ್ ಆಗ ಅಕ್ಷರಗಳಿಂದ 800 ಪಿಕ್ಸೆಲ್ ಹಿಂದಿನ ಖಾಲಿ ಜಾಗದಲ್ಲಿ ನಿಂತಿರುತ್ತದೆ. (ಕ್ಯಾಮೆರಾ ಶೀರ್ಷಿಕೆಯನ್ನು ಕೇಂದ್ರವಾಗಿಟ್ಟು ವೃತ್ತಾಕಾರವಾಗಿ ಸುತ್ತಿದ್ದರೆ ಈ ತೊಂದರೆಯೇ ಇರುತ್ತಿರಲಿಲ್ಲ.)

ಇಲ್ಲಿ ಹಲವರು ಅಪರ್ಚರ್ ತಗ್ಗಿಸಿ ಮಸುಕನ್ನು ಮರೆಮಾಚುತ್ತಾರೆ. ಅದು ಜ್ವರಕ್ಕೆ ಔಷಧ ಕೊಡದೆ ಥರ್ಮಾಮೀಟರ್ ಬಚ್ಚಿಟ್ಟಂತೆ. ಹಿನ್ನೆಲೆಯ ಮೃದುತ್ವವೂ ಅದರ ಜೊತೆಗೇ ಹೋಗುತ್ತದೆ. ಸರಿಯಾದ ದಾರಿ ಎಂದರೆ ಸಂಖ್ಯೆಯನ್ನು ಕೈಯಿಂದ ಬರೆಯದೆ ವಸ್ತುವಿಗೇ ಕಟ್ಟಿಹಾಕುವುದು. ಇದಕ್ಕಾಗಿಯೇ 2011ರ ಆವೃತ್ತಿಯಿಂದ ‘ಲಿಂಕ್ ಫೋಕಸ್ ಡಿಸ್ಟೆನ್ಸ್ ಟು ಲೇಯರ್’ ಎಂಬ ಆಜ್ಞೆ ಇದೆ. ಬ್ಲೆಂಡರ್‌ನಲ್ಲೂ ಫೋಕಸ್ ಯಾವ ವಸ್ತುವನ್ನು ಹಿಂಬಾಲಿಸಬೇಕೆಂದು ಸೂಚಿಸಬಹುದು.

ಸ್ವಂತವಾಗಿ ಸೂತ್ರ ಬರೆಯುವವರು ಒಂದು ಮಾತು ನೆನಪಿಡಬೇಕು. ಫೋಕಸ್ ಆಗುವುದು ಕ್ಯಾಮೆರಾ ನೋಡುವ ದಿಕ್ಕಿಗೆ ಲಂಬವಾಗಿರುವ ಒಂದು ಸಮತಲ, ಗೋಳವಲ್ಲ. ಕ್ಯಾಮೆರಾ ನೇರ ಮುಂದಕ್ಕೆ ನೋಡುತ್ತಿದ್ದು, ಶೀರ್ಷಿಕೆ 2000 ಪಿಕ್ಸೆಲ್ ಆಳದಲ್ಲಿ, 1500 ಪಕ್ಕಕ್ಕೆ ಇದ್ದರೆ ಓರೆಯಾಗಿ ಅಳೆದ ದೂರ 2500. ಆದರೆ ಬರೆಯಬೇಕಾದ್ದು 2000. ಶೀರ್ಷಿಕೆಯನ್ನು ಬೇರೆ ಲೇಯರ್‌ಗೆ ‘ಪೇರೆಂಟ್’ ಮಾಡಿದ್ದರೆ ಇನ್ನೂ ಎಚ್ಚರ ಬೇಕು. ಆಗ ಅದರ ಸ್ಥಾನದ ಅಂಕಿಗಳು ಎಣಿಕೆಯಾಗುವುದು ಆ ಪೇರೆಂಟ್‌ನಿಂದಲೇ.

ದೋಷ ಎಲ್ಲಿದೆಯೆಂದು ಪತ್ತೆಹಚ್ಚುವುದು ಹೇಗೆ? ಲೇಯರಿನ 3ಡಿ ಗುಂಡಿ ಚಾಲೂ ಇದೆಯೇ ಎಂದು ಮೊದಲು ನೋಡಿ. ಇಲ್ಲದಿದ್ದರೆ ಆ ಲೇಯರ್ ಕ್ಯಾಮೆರಾದ ಮಾತನ್ನೇ ಕೇಳುವುದಿಲ್ಲ. ಆಮೇಲೆ ನಮ್ಮ ಸ್ಟುಡಿಯೋದ ಉಪಾಯ ಬಳಸಿ. ಸಂದರ್ಶನಕ್ಕೆ ಮುಂಚೆ ಕ್ಯಾಮೆರಾಮನ್ ಜೂಮನ್ನು ಪೂರ್ತಿ ಒಳಕ್ಕೆ ತಂದು, ಅತಿಥಿಯ ಕಣ್ಣಿಗೆ ಫೋಕಸ್ ಮಾಡಿ, ನಂತರ ಹಿಂದಕ್ಕೆ ಬರುತ್ತಾರೆ. ಅಷ್ಟು ಹತ್ತಿರ ತಂದಾಗ ಸಣ್ಣ ತಪ್ಪೂ ದೊಡ್ಡದಾಗಿ ಕಾಣುತ್ತದೆ. ಗಣಕದಲ್ಲಿ ಅಪರ್ಚರನ್ನು ಹತ್ತು ಪಟ್ಟು ಹಿಗ್ಗಿಸಿ. ಫೋಕಸ್ ಸಮತಲದಲ್ಲಿ ಇರುವುದನ್ನು ಬಿಟ್ಟು ಉಳಿದದ್ದೆಲ್ಲ ಕರಗಿಹೋಗುತ್ತದೆ. ಆರಂಭ, ಕಾಲು, ಅರ್ಧ, ಮುಕ್ಕಾಲು, ಕೊನೆ, ಹೀಗೆ ಐದು ಕಡೆ ನಿಲ್ಲಿಸಿ ನೋಡಿ. ಐದೂ ಕಡೆ ಅಕ್ಷರ ನಿಚ್ಚಳವಾಗಿದ್ದರೆ ಅಪರ್ಚರನ್ನು ಮೊದಲಿನ ಬೆಲೆಗೆ ಇಳಿಸಿ, ರೆಂಡರ್‌ಗೆ ಹಾಕಿ.