ಸಹಿ ಯಾಕೆ ಹೊಂದುತ್ತಿಲ್ಲ? ಪಾರ್ಕಿನ್ಸನ್ ಮತ್ತು ತಪ್ಪು ಹಿಡಿಯುವ ಮಿದುಳು

ಗಂಗಾವತಿಯ ಯಾವುದೋ ಒಂದು ಬ್ಯಾಂಕಿನ ಕೌಂಟರ್ ಊಹಿಸಿಕೊಳ್ಳಿ. ಭತ್ತ ಮಾರಿದ ದುಡ್ಡು ತೆಗೆಯಲು ಅರವತ್ತೈದು ದಾಟಿದ ರೈತರೊಬ್ಬರು ಬಂದಿದ್ದಾರೆ. ‘ಸಹಿ ಹೊಂದವಲ್ದ್ರಿ ಯಜಮಾನ್ರ, ಇನ್ನೊಮ್ಮೆ ಮಾಡ್ರಿ’ ಅನ್ನುತ್ತಾರೆ ಕ್ಲರ್ಕ್. ಇವರು ಮತ್ತೆ ಹಾಕುತ್ತಾರೆ. ಅಕ್ಷರ ಮೊದಲಿಗಿಂತ ಸಣ್ಣದು, ಹೆಸರಿನ ಕೊನೆಗೆ ಬರುವಷ್ಟರಲ್ಲಿ ಇರುವೆಯಷ್ಟು. ‘ಯಾವಾಗ್ಲೂ ಮಾಡಿದಂಗ ಮಾಡೀನಲ್ರಿ’ ಅನ್ನುತ್ತಾರೆ. ಅದು ಸುಳ್ಳಲ್ಲ. ಅವರ ಮಿದುಳು ಅವರಿಗೆ ಹೇಳಿದ್ದು ಅದನ್ನೇ.

ಕೈಬರಹ ಹೀಗೆ ಕುಗ್ಗುವುದು ಪಾರ್ಕಿನ್ಸನ್ ಕಾಯಿಲೆಯ ಒಂದು ಲಕ್ಷಣ. ಪಾರ್ಕಿನ್ಸನ್ ಅಂದರೆ ಕೈ ನಡುಕ ಅಂತಷ್ಟೇ ನಮ್ಮಲ್ಲಿ ತುಂಬಾ ಜನ ತಿಳಿದಿದ್ದೇವೆ. ನಡುಕ ಕಣ್ಣಿಗೆ ಕಾಣುತ್ತೆ. ಆದರೆ ಮಾಡಿದ ಕೆಲಸ ತಪ್ಪಿದೆ ಎಂದು ತಿಳಿಸುವ ಒಳಗಿನ ವ್ಯವಸ್ಥೆಯೂ ಈ ಕಾಯಿಲೆಯಲ್ಲಿ ಮಂಕಾಗುತ್ತೆ, ಅದು ಯಾರಿಗೂ ಕಾಣಲ್ಲ.

ಮೊಬೈಲಲ್ಲಿ ಟೈಪ್ ಮಾಡುವಾಗ ತಪ್ಪು ಅಕ್ಷರ ಒತ್ತಿದ ಕೂಡಲೇ, ಪರದೆ ನೋಡುವ ಮೊದಲೇ ‘ಛೇ’ ಅನ್ನಿಸುತ್ತದಲ್ಲ? ಅದಕ್ಕೆ ಮಿದುಳಿನಲ್ಲಿ ಅಳೆಯಬಹುದಾದ ಗುರುತಿದೆ. 1990ರ ದಶಕದ ಆರಂಭದಲ್ಲಿ ಜರ್ಮನಿ ಮತ್ತು ಅಮೆರಿಕದ ಸಂಶೋಧಕರು ತಲೆಗೆ ವಿದ್ಯುದ್ವಾರ ಅಂಟಿಸಿ, ಜನರಿಗೆ ಬೇಗ ಬೇಗ ಗುಂಡಿ ಒತ್ತುವ ಕೆಲಸ ಕೊಟ್ಟರು. ತಪ್ಪು ಗುಂಡಿ ಒತ್ತಿದಾಗ, ಸುಮಾರು 50ರಿಂದ 100 ಮಿಲಿಸೆಕೆಂಡಿನೊಳಗೆ, ನೆತ್ತಿಯ ಮುಂಭಾಗದಲ್ಲಿ ವಿದ್ಯುತ್ ಸಂಕೇತವೊಂದು ಥಟ್ಟನೆ ಇಳಿಯುತ್ತಿತ್ತು. ಕಣ್ಣು ಮಿಟುಕಿಸುವುದಕ್ಕಿಂತಲೂ ಬೇಗ. ಮುಂಮಿದುಳಿನ ನಡುವೆ, ಒಳಮಗ್ಗುಲಲ್ಲಿರುವ ಆಂಟೀರಿಯರ್ ಸಿಂಗ್ಯುಲೇಟ್ ಎಂಬ ಭಾಗ ಇದರ ಮುಖ್ಯ ಮೂಲ.

ಈ ಭಾಗಕ್ಕೆ ಸುದ್ದಿ ಹೋಗುವುದು ಹೇಗೆ? 2002ರಲ್ಲಿ ಹಾಲ್ರಾಯ್ಡ್ ಮತ್ತು ಕೋಲ್ಸ್ ಮಂಡಿಸಿದ ಸಿದ್ಧಾಂತದ ಪ್ರಕಾರ, ನಿರೀಕ್ಷೆಗಿಂತ ಫಲಿತಾಂಶ ಕೆಟ್ಟದಾದಾಗ ಡೋಪಮೈನ್ ಕ್ಷಣಕಾಲ ಕುಸಿಯುತ್ತದೆ, ಆ ಕುಸಿತವೇ ಎಚ್ಚರಿಕೆಯ ಗಂಟೆ. ಪಾರ್ಕಿನ್ಸನ್‌ನಲ್ಲಿ ಸಾಯುವುದು ಇದೇ ಡೋಪಮೈನ್ ತಯಾರಿಸುವ ನರಕೋಶಗಳು. ಈ ಕಾಯಿಲೆ ಇರುವವರಲ್ಲಿ ತಪ್ಪಿನ ಸಂಕೇತ ದುರ್ಬಲವಾಗಿರುವುದನ್ನು ಹಲವು ಅಧ್ಯಯನಗಳು ಕಂಡಿವೆ (ಎಲ್ಲವೂ ಅಲ್ಲ, ಈ ಬಗ್ಗೆ ವಿಜ್ಞಾನಿಗಳಲ್ಲಿ ಜಗಳ ಇನ್ನೂ ಇದೆ). ಹಂಟಿಂಗ್ಟನ್ ಕಾಯಿಲೆಯಲ್ಲೂ ಅದು ಕುಗ್ಗಿದ್ದು ಕಂಡಿದೆ.

ಹಿಂಬದಿಯ ಕಿರುಮಿದುಳಿನದು ಬೇರೆ ಲೆಕ್ಕ. ಹೆಜ್ಜೆ ಎಲ್ಲಿ ಬೀಳಬೇಕು ಅಂತ ಮೊದಲೇ ಅಂದಾಜು ಹಾಕಿ, ಬಿದ್ದದ್ದರ ಜೊತೆ ಹೋಲಿಸಿ ಸರಿಮಾಡುವುದು ಅದರ ಕೆಲಸ. ಅದು ಹಾಳಾದರೆ ಅಟಾಕ್ಸಿಯಾ, ನಡಿಗೆ ತೂರಾಡುತ್ತದೆ. ಊರವರು ‘ಕುಡ್ದಾನ’ ಅಂತ ತೀರ್ಪು ಕೊಟ್ಟುಬಿಡುತ್ತಾರೆ.

ಮನೆಗಳಲ್ಲಿ ಕೊಡುವ ತೀರ್ಪೂ ಇಂಥದ್ದೇ. ಅಪ್ಪನ ದನಿ ಇಳಿದಿದೆ, ‘ಜೋರಾಗಿ ಮಾತಾಡಪಾ’ ಅಂತ ಮಗ ಗದರುತ್ತಾನೆ. ಅಪ್ಪನಿಗೆ ತಾನು ಸರಿಯಾಗೇ ಮಾತಾಡುತ್ತಿದ್ದೇನೆ ಅನ್ನಿಸುತ್ತಿರುತ್ತದೆ. ತರಬೇತಿ ಕೊಟ್ಟು ಎಲ್ಲರಂತೆ ಮಾತಾಡಿಸಿದರೆ, ಕಿರುಚುತ್ತಿದ್ದೇನೆ ಅನ್ನಿಸುತ್ತದೆ! ಲೆವೊಡೋಪಾ ಮಾತ್ರೆಯ ಪ್ರಭಾವದಲ್ಲಿ ಮೈ ತಾನಾಗೇ ನುಲಿಯುತ್ತಿದ್ದರೂ ಎಷ್ಟೋ ರೋಗಿಗಳಿಗೆ ಅದರ ಅರಿವಿರುವುದಿಲ್ಲ, ಪಕ್ಕದಲ್ಲಿ ಕೂತವರಿಗೆ ಕಾಣುತ್ತಿರುತ್ತದೆ. ಇದನ್ನು ಹಟ, ಸೋಮಾರಿತನ, ಅರಳುಮರಳು ಎಂದು ಬೈಯುವುದು ಅನ್ಯಾಯ. ಒಳಗಿನ ಗಂಟೆ ಬಾರಿಸದಿದ್ದಾಗ ಹೊರಗಿನಿಂದ ಸುಳಿವು ಕೊಡಬೇಕು. ನೆಲದ ಮೇಲೆ ಅಡ್ಡಗೆರೆ ಎಳೆದರೆ ನಿಂತುಹೋದ ಕಾಲು ದಾಟುತ್ತದೆ. ಗೆರೆ ಹಾಕಿದ ಹಾಳೆ ಕೊಟ್ಟು ‘ದೊಡ್ಡದಾಗಿ ಬರೀರಿ’ ಅಂದರೆ ಅಕ್ಷರ ಹಿಗ್ಗುತ್ತದೆ.

ಈಗ ಗಂಗಾವತಿಗೇ ಬರೋಣ. ತುಂಗಭದ್ರಾ ಎಡದಂಡೆ ಕಾಲುವೆ ಈ ತಾಲ್ಲೂಕನ್ನು ಭತ್ತದ ಕಣಜ ಮಾಡಿತು. ಭತ್ತದ ಜೊತೆ ಔಷಧಿ ಹೊಡೆಯುವ ಪಂಪೂ ಬಂತು. ಪ್ಯಾರಾಕ್ವಾಟ್ ಎಂಬ ಕಳೆನಾಶಕ ಅಥವಾ ರೋಟೆನೋನ್ ಎಂಬ ಕೀಟನಾಶಕ ಬಳಸಿದವರಲ್ಲಿ ಪಾರ್ಕಿನ್ಸನ್ ಸಂಭವ ಸುಮಾರು ಎರಡೂವರೆ ಪಟ್ಟು ಎಂದು ಅಮೆರಿಕದ ಕೃಷಿ ಕುಟುಂಬಗಳ ಅಧ್ಯಯನ 2011ರಲ್ಲಿ ವರದಿ ಮಾಡಿತು. ಅದೇ ವರ್ಷ ಕೇರಳ ಪ್ಯಾರಾಕ್ವಾಟ್ ನಿಷೇಧಿಸಿತು. ಹಾಗಂತ ಕೈ ನಡುಗುವ ಪ್ರತಿ ರೈತನಿಗೂ ಔಷಧಿಯೇ ಕಾರಣ ಅನ್ನಲಾಗದು; ವಯಸ್ಸು, ವಂಶವಾಹಿ ಎಲ್ಲವೂ ಸೇರಿರುತ್ತವೆ. ಆದರೆ ಮುಖಕ್ಕೆ ಟವೆಲ್ ಕಟ್ಟಿಕೊಂಡು ಬರಿಗೈಯಲ್ಲಿ ಔಷಧಿ ಕಲಸುವ ಕೂಲಿಗಳಿರುವ ಕಡೆ ಈ ಪ್ರಶ್ನೆಯನ್ನು ಆರೋಗ್ಯ ಇಲಾಖೆ ಕೇಳಲೇಬೇಕು.

ನಿಮ್ಹಾನ್ಸ್ ಜೊತೆ ಸೇರಿ ರಾಜ್ಯ ಸರ್ಕಾರ 2022ರ ಜನವರಿಯಲ್ಲಿ ಕರ್ನಾಟಕ ಮಿದುಳು ಆರೋಗ್ಯ ಯೋಜನೆ ಶುರುಮಾಡಿತು. ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೆ ನರರೋಗ ಗುರುತಿಸಲು ಕಲಿಸುವುದು ಅದರ ಸಾರ. ಒಳ್ಳೆಯ ಯೋಚನೆ. ಆದರೆ ಪ್ರಾಯೋಗಿಕವಾಗಿ ಆರಿಸಿದ್ದು ಬೆಂಗಳೂರು ದಕ್ಷಿಣ, ಕೋಲಾರ, ಚಿಕ್ಕಬಳ್ಳಾಪುರ, ಅಂದರೆ ನಿಮ್ಹಾನ್ಸ್‌ಗೆ ಬೆಳಿಗ್ಗೆ ಹೋಗಿ ಸಂಜೆ ವಾಪಸ್ ಬರಬಹುದಾದ ಊರುಗಳು. ಗಂಗಾವತಿಯಿಂದ ಹೋಗಬೇಕೆಂದರೆ ರಾತ್ರಿಯಿಡೀ ಬಸ್ಸು. ತನ್ನ ತಪ್ಪು ತನಗೇ ಗೊತ್ತಾಗದ ಕಾಯಿಲೆಯಲ್ಲಿ ರೋಗಿ ತಾನಾಗಿ ಡಾಕ್ಟರ ಹತ್ತಿರ ಬರಲಿ ಅಂತ ಕಾಯುವುದೇ ದಡ್ಡತನ. ಆಶಾ ಕಾರ್ಯಕರ್ತೆಯೋ, ಮಗಳೋ ಮೊದಲು ಗಮನಿಸಬೇಕು.

ಹಕ್ಕಿನ ಮಾತೂ ಇದೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 21 ಬಗೆಯ ವೈಕಲ್ಯಗಳ ಪಟ್ಟಿಯಲ್ಲಿ ಪಾರ್ಕಿನ್ಸನ್ ಸೇರಿದೆ. ಆ ಕೌಂಟರಿನ ಸಮಸ್ಯೆಗಂತೂ ರಿಸರ್ವ್ ಬ್ಯಾಂಕಿನ ಸೂಚನೆಯೇ ಇದೆ: ಸಹಿ ಹಾಕಲಾಗದಷ್ಟು ವಯಸ್ಸಾದವರು, ಕಾಯಿಲೆಯವರು ಹೆಬ್ಬೆಟ್ಟು ಒತ್ತಿ ಹಣ ತೆಗೆಯಬಹುದು. ಅದನ್ನು ಗುರುತಿಸಲು ಇಬ್ಬರು ಸಾಕ್ಷಿ ಸಾಕು, ಅವರಲ್ಲಿ ಒಬ್ಬರು ಬ್ಯಾಂಕಿನ ಅಧಿಕಾರಿಯೇ ಆಗಿರಬೇಕು.